ತವರಿನ ಹರಳೆಣ್ಣೆ

ತನ್ನ ಮದುವೆಗೆ ಇನ್ನೂ ತಿಂಗಳೊಪ್ಪತ್ತು ಇರುವಾಗ ಮಗಳು ಫೋನು ತಂದು ನನ್ನ ಹೊಲಿಗೆ ಮೆಷಿನ್ನಿನ ಮೇಲೆ ಇಟ್ಟಳು. ಅದರಲ್ಲಿ ಒಬ್ಬ ಹುಡುಗಿ ಗಾಜಿನ ಪುಟ್ಟ ಬಾಟಲಿಗೆ ನಾಲ್ಕಾರು ಎಣ್ಣೆ ಬೆರೆಸುತ್ತಾ, ಇದು ಮುಖಕ್ಕೆ ಹಚ್ಚುವ ಸೀರಮ್, ಮನೆಯಲ್ಲೇ ಮಾಡಿಕೊಳ್ಳಬಹುದು ಎನ್ನುತ್ತಿದ್ದಳು. ಕೈಯಲ್ಲಿದ್ದ ಬ್ಲೌಸನ್ನು ಪಕ್ಕಕ್ಕೆ ಸರಿಸಿ ನೋಡಿದೆ. ನನ್ನ ಕಣ್ಣಿಗೆ ಅದು ಎಣ್ಣೆಯೇ. ಹನಿ ಲೆಕ್ಕದಲ್ಲಿ ಹಚ್ಚಿಕೊಂಡರೆ ಎಣ್ಣೆ ಸೀರಮ್ ಆಗುತ್ತದೆ, ಅಂಗೈ ತುಂಬ ಹಚ್ಚಿಕೊಂಡರೆ ಎಣ್ಣೆಯಾಗಿಯೇ ಉಳಿಯುತ್ತದೆ ಎಂದು ಅರ್ಥ ಮಾಡಿಕೊಂಡೆ. ಮಗಳ ಕೆನ್ನೆಯ ಮೇಲೆ ಮೊಡವೆ ಹೋದ ಮೇಲೂ ಉಳಿದ ಕಲೆಗಳಿದ್ದವು. ಅವನ್ನು ತೆಗೆಯಲು ಪಾರ್ಲರಿನವಳು ಹೇಳಿದ ಉಪಾಯ ಅವಳಿಗೂ ಹಿಡಿಸಿರಲಿಲ್ಲ, ನನಗೂ ಹಿಡಿಸಿರಲಿಲ್ಲ. ಹೀಗೆ ಚಿತ್ರದುರ್ಗದ ನಮ್ಮ ಅಡುಗೆಮನೆಯಲ್ಲಿ ಸೀರಮ್ಮಿನ ಕೆಲಸ ಶುರುವಾಯಿತು.

ವಿಡಿಯೋದ ಹುಡುಗಿ ಹೇಳಿದ ಮೊದಲ ಎರಡು ಎಣ್ಣೆಗಳ ಹೆಸರನ್ನು ನಮ್ಮ ಗ್ರಂಧಿಗೆ ಅಂಗಡಿಯವರು ಕೇಳಿಯೇ ಇರಲಿಲ್ಲ. "ಅವೆಲ್ಲ ಯಾಕ್ರಿ? ಮಂಜಿಷ್ಠ ತಗಂಡ್ ಹೋಗ್ರಿ, ಎಳ್ಳೆಣ್ಣೇಲಿ ನೆನೆ ಹಾಕ್ರಿ" ಎಂದು ಕೆಂಪು ಬೇರಿನ ತುಂಡುಗಳನ್ನು ಪೇಪರಿನಲ್ಲಿ ಕಟ್ಟಿಕೊಟ್ಟರು. ಎಳ್ಳೆಣ್ಣೆ ಹಿರಿಯೂರಿನ ಗಾಣದಿಂದ ಬಂತು. ನನ್ನ ಹತ್ತಿರ ಬಟ್ಟೆ ಹೊಲಿಸುವ ಒಬ್ಬರು ಅಲ್ಲಿಂದ ದಿನಾ ಓಡಾಡುತ್ತಾರೆ, ಅವರಿಗೆ ಹೇಳಿದ್ದೆ. ಹೊಸದುರ್ಗದ ಬೀಗರು ತಮ್ಮ ತೋಟದ ಕೊಬ್ಬರಿ ಎಣ್ಣೆಯನ್ನು ಅಭಿಮಾನದಿಂದ ಕಳಿಸಿದ್ದರು. ಆದರೆ ಅದು ಚಳಿಗೆ ಹೆಪ್ಪುಗಟ್ಟಿ ಬೆಳಿಗ್ಗೆ ಡ್ರಾಪರಿನ ಮೂತಿಯಲ್ಲೇ ಕೂತುಬಿಡುತ್ತಿತ್ತು. ಮಗಳು ಅದನ್ನು ಕೈಬಿಟ್ಟಳು. ಬೀಗರಿಗೆ ಈ ವಿಷಯ ಇವತ್ತಿಗೂ ಗೊತ್ತಿಲ್ಲ. ನನ್ನ ತಲೆಗೂದಲಿಗೆ ಆ ಎಣ್ಣೆ ಚೆನ್ನಾಗಿ ಒಗ್ಗಿತು.

ಬೇರನ್ನು ಜಜ್ಜಿ ಎಳ್ಳೆಣ್ಣೆಗೆ ಹಾಕಿ ತಾರಸಿಯ ಬಿಸಿಲಿನಲ್ಲಿ ಇಟ್ಟೆವು. ಕೆಲವು ದಿನಗಳಲ್ಲಿ ಎಣ್ಣೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಲೈನಿಂಗ್ ಬಟ್ಟೆಯ ತುಂಡಿನಲ್ಲಿ ಸೋಸಿದೆ. ಬಟ್ಟೆಗೆ ಹತ್ತಿದ ಕೆಂಪು ತೊಳೆದರೂ ಹೋಗಲಿಲ್ಲ, ನನ್ನ ಬೆರಳಿನದೂ ಹೋಗಲಿಲ್ಲ. ಇನ್ನು ಉಳಿದದ್ದು ಹರಳೆಣ್ಣೆ. ಅದು ಸ್ವಲ್ಪ ಸೇರಿದರೆ ಉಳಿದ ಎಣ್ಣೆ ಮುಖದ ಮೇಲೆ ನಿಲ್ಲುತ್ತದಂತೆ. ಹರಳೆಣ್ಣೆ ಅಂಗಡಿಯಲ್ಲೂ ಸಿಗುತ್ತಿತ್ತು. ಆದರೂ ನಾನು "ತವರಿಂದ ತರ್ತೀನಿ" ಎಂದೆ. ಮಗಳು ಬಾಟಲಿ ತೊಳೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

ನನ್ನ ತವರು ಹೊಳಲ್ಕೆರೆ ತಾಲೂಕು, ತಾಳ್ಯದ ಕಡೆಯ ಒಂದು ಹಳ್ಳಿ. ಅಣ್ಣ ಅತ್ತಿಗೆ ಹೊಲ ಮಾಡಿಕೊಂಡು, ಕುರಿ ಸಾಕಿಕೊಂಡು ಅಲ್ಲೇ ಇದ್ದಾರೆ. ಅತ್ತಿಗೆ ಆ ಮನೆಗೆ ಸೊಸೆಯಾಗಿ ಬಂದಾಗ ನನಗೆ ಜಡೆ ಹಾಕಿಕೊಳ್ಳುವುದಕ್ಕೂ ಬರುತ್ತಿರಲಿಲ್ಲ. ನನ್ನ ತಲೆಗೆ ಹರಳೆಣ್ಣೆ ತಟ್ಟಿ ಬಾಚಿ ಸ್ಕೂಲಿಗೆ ಕಳಿಸುತ್ತಿದ್ದವಳು ಅವಳೇ. ಅಂಥ ಅತ್ತಿಗೆ ಕೆಲವು ವರ್ಷಗಳ ಹಿಂದೆ ತನ್ನ ಮಗನಿಗೆ ನನ್ನ ಮಗಳನ್ನು ಕೇಳಿದಳು. ನಮ್ಮಲ್ಲಿ ಸೋದರಿಕೆಯ ಸಂಬಂಧವೆಂದರೆ ಕೇಳುವವರಿಗೆ ಅದು ಹಕ್ಕು. ಮಗಳು ಒಲ್ಲೆ ಎಂದಳು. ನಾನೂ ಒತ್ತಾಯ ಮಾಡಲಿಲ್ಲ. ಅತ್ತಿಗೆ ಮಗನಿಗೆ ಬೇರೆ ಕಡೆಯಿಂದ ಹೆಣ್ಣು ತಂದಳು, ಅವನು ಆರಾಮಾಗಿದ್ದಾನೆ. ಅವಳು ಮಾತ್ರ ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು.

ಅದರಿಂದ ಅಷ್ಟು ದಿನ ಬದುಕೇನೂ ನಿಂತಿರಲಿಲ್ಲ. ಆದರೆ ನಮ್ಮಲ್ಲಿ ಮದುಮಗಳ ಮುಖಕ್ಕೆ ಮೊದಲ ಎಣ್ಣೆ ಮುಟ್ಟಿಸಬೇಕಾದವಳು ಸೋದರಮಾವನ ಹೆಂಡತಿ. ಲಗ್ನಪತ್ರಿಕೆ ತೆಗೆದುಕೊಂಡ ದಿನ ಅಣ್ಣ "ನಾನಂತೂ ಬರ್ತೀನಮ್ಮ, ಅವಳ್ದು ನಾ ಹೇಳಾಕಾಗಲ್ಲ" ಎಂದಿದ್ದ. ಅವಳು ಬರದಿದ್ದರೂ ಮದುವೆ ನಡೆಯುತ್ತದೆ, ಪಕ್ಕದ ಮನೆಯವರು ಎಣ್ಣೆ ಮುಟ್ಟಿಸುತ್ತಾರೆ. ನನಗೆ ತವರು ಇಲ್ಲ ಎಂಬುದು ಮಾತ್ರ ಅವತ್ತು ನೆಂಟರಿಷ್ಟರ ಮುಂದೆ ಖಾತ್ರಿಯಾಗುತ್ತದೆ. ನನಗೆ ಅದರ ಹೆದರಿಕೆ ಇತ್ತು. ಹರಳೆಣ್ಣೆ ಬರೀ ನೆಪ.

ಕೈ ಬೀಸಿಕೊಂಡು ಹೋಗುವುದು ಸರಿಯಲ್ಲ ಎಂದು ಅವಳಿಗೊಂದು ಬ್ಲೌಸ್ ಹೊಲಿದೆ. ಅಳತೆ ಕೇಳುವ ಹಾಗಿರಲಿಲ್ಲ. ಹಳೆಯ ಅಳತೆ ನೆನಪಿನಲ್ಲಿತ್ತು.

ನಾನು ಹೋದಾಗ ಅಣ್ಣ ಕುರಿ ಹೊಡೆದುಕೊಂಡು ಹೋಗಿದ್ದ. ಅತ್ತಿಗೆ ಅಂಗಳದಲ್ಲಿ ಕೂತು, ಕಜ್ಜಿ ಎದ್ದ ಒಂದೆರಡು ಕುರಿಗಳನ್ನು ಹಿಡಿದು ಎಣ್ಣೆ ಹಚ್ಚುತ್ತಿದ್ದಳು. ನನ್ನನ್ನು ನೋಡಿ, ತೊಡೆಯ ನಡುವೆ ಇದ್ದ ಕುರಿಗೆ ಹೇಳಿದಳು: "ಯಾರೋ ಬಿಸ್ಲಾಗೆ ಬಂದವ್ರೆ. ಗುಡಾಣದಾಗೆ ನೀರೈತೆ, ಕುಡೀಲಿ."

ನಾನು ನೀರು ಕುಡಿದೆ. ಆಮೇಲೆ ಕಂಬದ ಕಡೆ ತಿರುಗಿ, "ಮಗಳ ಮುಖಕ್ಕೆ ಚೂರು ಹರಳೆಣ್ಣೆ ಬೇಕಿತ್ತು" ಎಂದೆ. ಕಂಬ ಸುಮ್ಮನಿತ್ತು. ಕುರಿಯನ್ನು ಬಿಟ್ಟು ಅತ್ತಿಗೆ ಒಳಗೆ ಹೋಗಿ ಒಂದು ಕ್ವಾರ್ಟರ್ ಬಾಟಲಿ ತಂದು ಜಗಲಿಯ ಮೇಲೆ ಇಟ್ಟಳು. ಎಣ್ಣೆಯನ್ನು ನಮ್ಮ ಮನೆಯಲ್ಲಿ ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಇಬ್ಬರಿಗೂ ಜಗಳವಾಗುತ್ತದೆ ಎಂದು ನಂಬಿಕೆ. ನೆಲದ ಮೇಲೋ ಜಗಲಿಯ ಮೇಲೋ ಇಡಬೇಕು, ಬೇಕಾದವರು ತೆಗೆದುಕೊಳ್ಳಬೇಕು. ಜಗಳ ಆಗಿಹೋದ ಮೇಲೂ ಅವಳು ಪದ್ಧತಿ ಬಿಟ್ಟಿರಲಿಲ್ಲ.

ಇಟ್ಟವಳು ಮತ್ತೆ ಕುರಿಯ ಕಡೆ ಹೋದಳು. ನಾನು ಬ್ಲೌಸನ್ನು ಎಲೆ ಅಡಿಕೆಯ ಜೊತೆ ಜಗಲಿಯ ಮೇಲಿಟ್ಟೆ. ಬಾಟಲಿಗೆ ಕೈ ಹಾಕಿದಾಗ, ಅಲ್ಲಿ ಮೊದಲೇ ಇದ್ದದ್ದೂ ಸೇರಿ ಒಂದೇ ರೀತಿಯ ಎರಡು ಬಾಟಲಿ ಇದ್ದವು. ಎರಡರಲ್ಲೂ ಕಪ್ಪಗಿನ ಎಣ್ಣೆ, ಎರಡರ ಬಾಯಿಗೂ ಪ್ಲಾಸ್ಟಿಕ್ ಚೂರು ಸುತ್ತಿ ಮುಚ್ಚಳ ತಿರುಗಿಸಿತ್ತು. ಯಾವುದು ಎಂದು ಕೇಳಿದ್ದರೆ ಅವಳು ಬಾಯಿ ಬಿಡಬೇಕಾಗುತ್ತಿತ್ತು. ಅವಳು ಬಿಡದೇ ಇದ್ದರೆ ನನ್ನ ಮರ್ಯಾದೆ ಹೋಗುತ್ತಿತ್ತು. ನಾನು ಹತ್ತಿರದ್ದನ್ನು ತೆಗೆದುಕೊಂಡು ಚೀಲಕ್ಕೆ ಹಾಕಿದೆ. ಆ ಅಂಗಳದಲ್ಲಿ ಎಲ್ಲವೂ ಕುರಿ ವಾಸನೆಯೇ, ಮೂಗು ಏನೂ ಹೇಳಲಿಲ್ಲ. "ಬರ್ತೀನಿ" ಎಂದು ಕಂಬಕ್ಕೆ ಹೇಳಿ ಹೊರಟೆ.

ಬಸ್ಸು ಬೇಗ ಸಿಕ್ಕಿತು. ಕಿಟಕಿ ಪಕ್ಕ ಕೂತು, ಎಣ್ಣೆ ಸಿಕ್ಕಿತು, ಮಾತು ಸಿಗಲಿಲ್ಲ ಎಂದುಕೊಳ್ಳುತ್ತಿದ್ದೆ. ಬಸ್ಸು ಹೊರಟು ಇನ್ನೂ ಊರು ದಾಟಿರಲಿಲ್ಲ, ಹಿಂದಿನಿಂದ "ಏ ಡ್ರೈವರಪ್ಪಾ, ನಿಲ್ಸಪ್ಪಾ" ಎಂದು ಕೂಗು ಕೇಳಿತು. ಅತ್ತಿಗೆ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಬಾಟಲಿ ಹಿಡಿದು ಓಡಿ ಬರುತ್ತಿದ್ದಳು. ಬಸ್ಸು ನಿಂತಿತು. ಅವಳು ನೇರವಾಗಿ ಕಂಡಕ್ಟರನ ಹತ್ತಿರ ಹೋದಳು.

"ಆ ನೀಲಿ ಸೀರೆಯವ್ರಿಗೆ ಹೇಳಪ್ಪ, ಅದು ಕುರಿ ಎಣ್ಣೆ ಅಂತ."

ಕಂಡಕ್ಟರ್ ನನ್ನನ್ನು ನೋಡಿದ, ಅವಳನ್ನು ನೋಡಿದ. "ಅವ್ರು ಇಲ್ಲೇ ಕುಂತವ್ರಲ್ಲಮ್ಮಾ, ನೀವೇ ಹೇಳ್ರಿ. ಟೈಮ್ ಆತು."

ಅವಳು ಕಂಡಕ್ಟರನನ್ನು ಒಂದು ಸಲ ದುರುಗುಟ್ಟಿ ನೋಡಿದಳು. ಆಮೇಲೆ ಕಿಟಕಿಯ ಹತ್ತಿರ ಬಂದು ಒಂದೇ ಉಸಿರಿಗೆ ಶುರುಮಾಡಿದಳು. "ಲೇ, ಕಣ್ಣು ಎಲ್ಲಿಟ್ಟಿದ್ಯೇ? ಬೇವಿನೆಣ್ಣೆ, ಹೊಂಗೆ ಎಣ್ಣೆ, ಹೊಗೆಸೊಪ್ಪು ಹಾಕಿ ಕುದ್ಸಿರೋದು ಕಣೇ ಅದು. ಕುರಿ ಮೈಗೆ ಹುಯ್ದ್ ನೋಡ್ತೀನಿ, ಇಲ್ಲಿ ಉಳ್ದಿರೋದು ತಲೆಗೆ ಹಚ್ಚೋ ಹರಳೆಣ್ಣೆ! ಮದುವಣಗಿತ್ತಿ ಮುಖಕ್ಕೆ ಇದ್ನ ಹಚ್ಚಿದ್ರೆ ಸುಟ್ಟೋಗಾದು ಹುಡ್ಗಿ ಮುಖ!"

ಅಷ್ಟು ವರ್ಷಗಳ ಮೇಲೆ ಅವಳು ನನಗೆ ಆಡಿದ ಮೊದಲ ಮಾತು ಬೈಗುಳ. ನನಗೆ ಬಹಳ ಸಂತೋಷವಾಯಿತು. ಚೀಲದಿಂದ ಬಾಟಲಿ ತೆಗೆದು ಕಿಟಕಿಯಿಂದ ಹೊರಗೆ ಚಾಚಿದೆ. ಅವಳು ತನ್ನ ಬಾಟಲಿ ಎತ್ತಿ ಹಿಡಿದಳು. ಇಬ್ಬರೂ ಅಲ್ಲಿಗೆ ನಿಂತೆವು. ಬಸ್ಸಿನ ಕಿಟಕಿಗೆ ಜಗಲಿ ಇಲ್ಲ. ಕಂಡಕ್ಟರ್ ಸೀಟಿ ಊದಿದ.

"ಹಿಡ್ಕಳೇ, ಇನ್ನೇನ್ ಜಗಳ ಬಾಕಿ ಐತೆ!" ಎಂದು ಅವಳು ಬಾಟಲಿಯನ್ನು ನನ್ನ ಅಂಗೈಗೇ ಒತ್ತಿದಳು.

ಬಸ್ಸು ಅಲುಗಿತು. "ಎಣ್ಣೆ ಮುಟ್ಸಾಕೆ ಬರ್ತೀಯಾ ಅತ್ತಿಗೆ?" ಎಂದು ಕೇಳಿದೆ. ಅವಳು ಕುರಿ ಬಾಟಲಿಯನ್ನು ಸೆರಗಿಗೆ ಒರೆಸುತ್ತಾ ನಿಂತಿದ್ದಳು. ಬಸ್ಸು ತಿರುವು ದಾಟುವವರೆಗೂ ಒರೆಸುತ್ತಲೇ ಇದ್ದಳು.

ಸೀರಮ್ ಆಯಿತು. ಮೊದಲು ಮಗಳು ಮೊಣಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ಕಾದಳು. ತುರಿಕೆ ಬರಲಿಲ್ಲ. ಆಮೇಲೆ ದಿನಾ ಮಲಗುವ ಮುಂಚೆ ಮುಖ ತೊಳೆದು, ಒದ್ದೆ ಆರುವ ಮೊದಲು ಮೂರೇ ಹನಿ. ನಾಲ್ಕನೆಯದು ಬಿದ್ದರೆ ನನ್ನ ಕೆನ್ನೆಗೆ ಒರೆಸುತ್ತಿದ್ದಳು. ಕಲೆ ಹೋಯಿತೇ ಎಂದರೆ, ಹೋಗಲಿಲ್ಲ. ಮುಖ ನುಣುಪಾಯಿತು, ಅವಳು ಕನ್ನಡಿಯ ಮುಂದೆ ಮುಖ ಸೊಟ್ಟ ಮಾಡುವುದು ನಿಂತಿತು. ಎಣ್ಣೆಯಿಂದ ಅಷ್ಟಾದರೆ ಸಾಕು.

ಎಣ್ಣೆ ಶಾಸ್ತ್ರದ ದಿನ ಮಗಳನ್ನು ಮಣೆಯ ಮೇಲೆ ಕೂರಿಸಿ ಹೊತ್ತಾಗಿತ್ತು. ಅರಿಶಿನ ಕಲೆಸಿದ ಎಣ್ಣೆ ಬಟ್ಟಲಿನಲ್ಲಿತ್ತು. ಹಿರಿಯ ಹೆಂಗಸೊಬ್ಬರು "ಯಾರಾದ್ರೂ ಮುಟ್ಸ್ರಿ, ಎಷ್ಟೊತ್ ಕಾಯಾದು" ಎಂದರು. ನಾನು ಇನ್ನೊಂದು ಚೂರು ಇರಿ ಎಂದೆ. ಪಕ್ಕದ ಮನೆಯವರು ಬಳೆ ಹಿಂದಕ್ಕೆ ಸರಿಸಿಕೊಂಡು ಎದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಅಣ್ಣನ ರುಮಾಲು ಕಂಡಿತು. ಅವನ ಹಿಂದೆ ಅತ್ತಿಗೆ, ಮೈಮೇಲೆ ನಾನು ಹೊಲಿದ ಬ್ಲೌಸ್.

ಅವಳು ಕಾಲು ತೊಳೆದುಕೊಂಡು ಬಂದು ಮಣೆಯ ಮುಂದೆ ಕೂತಳು. ಅರಿಶಿನದ ಬಟ್ಟಲನ್ನು ಎಳೆದುಕೊಂಡು, "ನನ್ ಹರಳೆಣ್ಣೆ ಎಲ್ಲೈತೆ?" ಎಂದು ಕೇಳಿದಳು. ಮಗಳು ಸೀರಮ್ ಬಾಟಲಿ ತರಿಸಿ ನೆಲದ ಮೇಲೆ ಇಡಲು ಹೋದಳು. ಅತ್ತಿಗೆ ಕೈ ಚಾಚಿ ಅವಳ ಕೈಯಿಂದಲೇ ತೆಗೆದುಕೊಂಡಳು. ಮುಚ್ಚಳದ ಡ್ರಾಪರನ್ನು ಕಿತ್ತು ಪಕ್ಕಕ್ಕಿಟ್ಟು, ಮೂಸಿ ನೋಡಿ, ಬಾಟಲಿಯಲ್ಲಿದ್ದಷ್ಟನ್ನೂ ಅಂಗೈಗೆ ಸುರಿದುಕೊಂಡಳು. ಮಗಳು ಮೂರು ಹನಿಯ ಸುದ್ದಿ ಎತ್ತಲಿಲ್ಲ, ಕಣ್ಣು ಮುಚ್ಚಿದಳು. ಅತ್ತಿಗೆ ಎರಡೂ ಕೈಯಿಂದ ಹಣೆ, ಕೆನ್ನೆ, ಗಲ್ಲವನ್ನು ನಿಧಾನಕ್ಕೆ ತೀಡಿದಳು.

"ನನ್ ಮನೆ ತುಂಬುಸ್ಕಬೇಕು ಅಂತಿದ್ದೆ ಕಣವ್ವ. ಆಗ್ಲಿಲ್ಲ. ನಂಗೆ ಭಾಳ ಬ್ಯಾಸ್ರ ಆತು" ಎಂದಳು. ಆಮೇಲೆ, "ಹೋದ್ ಮನೇಲಿ ಚೆನ್ನಾಗಿರು" ಎಂದಳು.

ಮಗಳು ಎಣ್ಣೆ ಮುಖದಲ್ಲೇ ಅವಳ ಭುಜಕ್ಕೆ ಒರಗಿ ಅತ್ತಳು. ಬ್ಲೌಸಿಗೆ ಕೆಂಪು ಎಣ್ಣೆ ಹತ್ತಿತು. ಅದು ಹೋಗುವ ಕಲೆಯಲ್ಲ ಎಂದು ನನಗೆ ಗೊತ್ತಿತ್ತು.

ಶಾಸ್ತ್ರ ಮುಗಿದ ಮೇಲೆ ಅತ್ತಿಗೆ ಎದ್ದು ನೇರ ನನ್ನ ಹತ್ತಿರ ಬಂದು ತೋಳು ಎತ್ತಿ ತೋರಿಸಿದಳು. "ಬಿಗಿ ಆಗೈತೆ ನೋಡು. ನಾನೇನ್ ಹಂಗೇ ಇರ್ತೀನಾ? ಇನ್ನೊಂಚೂರು ಬಿಡಾಕಾಗ್ತಿರ್ಲಿಲ್ವಾ?"

ಅವಳನ್ನು ಒಳಗೆ ಕರೆದುಕೊಂಡು ಹೋಗಿ ಹೊದೆಯಲು ಟವಲ್ಲು ಕೊಟ್ಟೆ. ಮೆಷಿನ್ನಿನ ಮುಂದೆ ಕೂತು ಬ್ಲೌಸ್ ತಿರುವಿ ಹೊಲಿಗೆ ಬಿಚ್ಚಿದೆ. ಬಿಚ್ಚುವ ಪ್ರಸಂಗ ಬಂದರೆ ಇರಲಿ ಎಂದು ಒಳಗೆ ಎರಡೂ ಕಡೆ ಹೆಚ್ಚಿನ ಬಟ್ಟೆ ಬಿಟ್ಟೇ ಹೊಲಿದಿದ್ದೆ.