ಕಣ್ಣು ಮುಚ್ಚಿ ‘ಹೊಡೀ’ ಎನ್ನುತ್ತಿದ್ದವರು

ವಿರೂಪಾಕ್ಷಪ್ಪ ಸರ್ ಪ್ರೋಗ್ರಾಮಿಂಗ್ ಪಾಠ ಮಾಡುತ್ತಿದ್ದುದು ಕಣ್ಣು ಮುಚ್ಚಿಕೊಂಡು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಮಾರ್ಕರ್, ಎದುರಿಗೆ ಹೊಸದಾಗಿ ಸೇರಿದ ನಾವು ಇಂಜಿನಿಯರುಗಳು. ಬೊಮ್ಮಸಂದ್ರದಲ್ಲಿ ಪ್ಯಾಕಿಂಗ್ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವ ನಮ್ಮ ಕಂಪನಿಗೆ ಗದಗದ ಕಡೆಯಿಂದ ಬಂದಿದ್ದ ಅವರು, ಬೋರ್ಡಿನ ಮೇಲೆ ಬರೆದದ್ದು ಸೊಟ್ಟಗಾಗಿ ಗೋಡೆಗೆ ಹೋದರೂ ಕಣ್ಣು ಬಿಡುತ್ತಿರಲಿಲ್ಲ.

“ಕರಿಯಾವಂಗ ಎದುರಿಗೆ ಯಾರದಾರ ಅಂತ ಗೊತ್ತಿರಬೇಕಾಗಿಲ್ಲ ನೋಡವಾ. ಅದಽ ವರ್ಚುವಲ್ ಫಂಕ್ಷನ್ನು,” ಎನ್ನುವರು. ಆಮೇಲೆ ಕಿಟಕಿಯ ಕಡೆ ತಿರುಗಿ “ಹೊಡೀ!” ಎಂದು ಕೂಗುವರು. ಅವರು ಮೊದಲೇ ಹೇಳಿಕೊಟ್ಟಿದ್ದಂತೆ ಕೆಳಗೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ, ಪೇಂಟರ್ ಬಣ್ಣ ಹೊಡೆಯುತ್ತಿದ್ದ, ಸೆಕ್ಯುರಿಟಿಯವನು ಸೆಲ್ಯೂಟ್ ಹೊಡೆಯುತ್ತಿದ್ದ. ನನ್ನ ಪಕ್ಕದ ಮಹೇಶ ಆಗಲೇ ನಿದ್ದೆ ಹೊಡೆಯುತ್ತಿದ್ದ. ಅವನ ಗೊರಕೆಯನ್ನೂ ಸರ್ ಬಿಡುತ್ತಿರಲಿಲ್ಲ.

“ಕೇಳ್ರಿ, ಅದೂ ಒಂದು ಹೊಡಿಯೂದಽ! ಮಾತು ಒಂದು, ಮಾಡೂದು ಅವರವರಿಗೆ ತಕ್ಕಂಗ. ಪಾಲಿಮಾರ್ಫಿಸಂ ಅಂದ್ರ ಇಷ್ಟಽ. ಇನ್ನ ಮಗ ತನ್ನ ‘ಹೊಡಿ’ ತಾನಽ ಬರಕೊಳ್ಳಲಿಲ್ಲಂದ್ರ ಅಪ್ಪಂದು ಓಡತೈತಿ. ಅಪ್ಪನ ‘ಹೊಡಿ’ ಅಂದ್ರ ಗೊತ್ತಲ್ಲ?” ಎಂದು ಕೈ ಎತ್ತಿ ತೋರಿಸುವರು.

ಮ್ಯಾನೇಜರಿಗೆ ಇದೆಲ್ಲ ಹುಚ್ಚಾಟ. “ಒಂದು ಕ್ಲಾಸು ನಾನೇ ನೋಡ್ತೀನಿ ಕಣ್ರೀ. ನಂಗೆ ಅರ್ಥ ಆದ್ರೆ ಇರ್ಲಿ, ಇಲ್ಲಾಂದ್ರೆ ಮೇಷ್ಟ್ರನ್ನ ಮನೆಗೆ ಕಳಿಸ್ತೀನಿ” ಎಂದುಬಿಟ್ಟರು. ನಮಗೋ, ಅಂಥ ಮೇಷ್ಟ್ರು ಇನ್ನೆಲ್ಲಿ ಸಿಗಬೇಕು! ಸರ್ ಮಾತ್ರ ಹುರುಪಿನಿಂದ ಕ್ಲಾಸನ್ನು ಪಾರ್ಕಿಂಗ್ ಜಾಗಕ್ಕೇ ಸಾಗಿಸಿದರು.

ಗ್ರಹಚಾರ ನೋಡಿ, ಹಳೆಯ ಸೆಕ್ಯುರಿಟಿಯವನು ಅವತ್ತೇ ರಜೆ ಹಾಕಿದ್ದ. ಅವನ ಬದಲು ಆನೇಕಲ್ ಕಡೆಯ ಮುನಿರಾಜಪ್ಪ ಬೆಳಿಗ್ಗೆಯಷ್ಟೇ ಬಂದಿದ್ದ. ಸೆಲ್ಯೂಟಿನ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ಮ್ಯಾನೇಜರ್ ಹೋಗಿ ಅವನ ಪಕ್ಕದಲ್ಲೇ ನಿಲ್ಲಬೇಕೇ!

ಸರ್ ಕಣ್ಣು ಮುಚ್ಚಿ “ಹೊಡೀ!” ಎಂದರು. ಹಾರ್ನ್ ಆಯಿತು, ಬಣ್ಣ ಆಯಿತು.

“ಯಾರ್ಗೆ ಸಾ ಒಡೀಬೇಕು?” ಎಂದ ಮುನಿರಾಜಪ್ಪ.

“ಯಾರಿಗಂತ ಕೇಳಬ್ಯಾಡೋ ಮಾರಾಯಾ, ಹೊಡೀ!”

ಛಟೀರ್! ಮ್ಯಾನೇಜರ್ ಕನ್ನಡಕ ಹಾರಿ ಯಾರದೋ ಸ್ಕೂಟರಿನ ಸೀಟಿನ ಮೇಲೆ ಬಿತ್ತು. ಸರ್ ಕಣ್ಣು ಮುಚ್ಚಿಕೊಂಡೇ ಕುಣಿದಾಡಿದರು. “ಕೇಳಿದ್ರೇನು? ಇಂವಂಗ ತನ್ನದಂತ ಏನೂ ಇಲ್ಲ, ಅಪ್ಪಂದು ಓಡ್ತು! ಭೇಷ್!”

ಕಣ್ಣು ಬಿಟ್ಟು ನೋಡುವ ಹೊತ್ತಿಗೆ ಮುನಿರಾಜಪ್ಪ ಕನ್ನಡಕ ಎತ್ತಿಕೊಂಡು ಅಂಗಿಯ ತುದಿಯಿಂದ ಒರೆಸುತ್ತಿದ್ದ. ಅವನನ್ನು ಈಗಲೇ ಓಡಿಸಿ ಎಂದು ಮ್ಯಾನೇಜರ್ ಕೂಗಾಡುತ್ತಿದ್ದರು. ಸರ್ ನಡುವೆ ಹೋಗಿ ನಿಂತರು. “ಅವಂದೇನೂ ತಪ್ಪಿಲ್ರಿ. ಹೇಳಿಕೊಡದಽ ಕರದಾಂವ ನಾನು. ನನ್ನ ಕಳಸ್ರಿ.”

ಕಳಿಸಿಯೇಬಿಟ್ಟರು. ಅವತ್ತು ನನಗೆ ಅಳು ತಡೆಯಲಾಗಲಿಲ್ಲ.

ಕೆಲವು ದಿನಗಳ ಮೇಲೆ ಮ್ಯಾನೇಜರ್ ನನ್ನನ್ನು ಕರೆದು ಕೆನ್ನೆ ಸವರಿಕೊಂಡರು. “ವರ್ಚುವಲ್ ಫಂಕ್ಷನ್ ನಂಗೆ ಅರ್ಥ ಆಗಿದ್ದೇ ಅವತ್ತು ಕಣ್ರೀ. ಆದ್ರೆ ಎಲ್ರ ಮುಂದೆ ಏಟು ತಿಂದು ಅವ್ರನ್ನ ವಾಪಸ್ ಹೇಗೆ ಕರೀಲಿ?”

ಕೂಡಲೇ ಗದಗಿಗೆ ಫೋನ್ ಮಾಡಿ ಹೇಳಿದೆ. ಸರ್ ಕೆಲಸದ ಮಾತೇ ಎತ್ತಲಿಲ್ಲ.

“ಖರೇನ? ಅರ್ಥ ಆತಂತ ಅವರಽ ಅಂದ್ರು?”

“ಹೌದು ಸರ್.”

ಆ ಕಡೆಯಿಂದ ಸೊರ್ರೆಂದು ಮೂಗು ಏರಿಸಿದ ಸದ್ದು ಕೇಳಿಸಿತು.

“ಹಂಗಾದ್ರ ನಾ ಪಾಸಾದೆ ಬಿಡವಾ,” ಎಂದರು.