ಟ್ಯಾಂಕಿನ ಕೆಳಗಿನ ಹಾಸು

ಪೆರಂಬೂರಿನಲ್ಲಿ ನಮ್ಮ ಕೆಳಗಿನ ಮನೆಯವರು ಪ್ರತಿ ಭಾನುವಾರ ಬೆಳಿಗ್ಗೆ ಬೈಕಿನ ಪೆಟ್ರೋಲ್ ಟ್ಯಾಂಕ್ ಬಿಚ್ಚುತ್ತಿದ್ದರು. ಪೈಪು ಕಳಚಿ, ಟ್ಯಾಂಕನ್ನು ಎರಡೂ ಕೈಯಲ್ಲಿ ಎತ್ತಿ, ಹೆಂಡತಿಯ ಹಳೇ ಸೀರೆಯ ಮೇಲೆ ಮಲಗಿಸಿ, "ಪೇಂಟಿಗೆ ಗೀರು ಬೀಳಬಾರದು ನೋಡಿ" ಅನ್ನುತ್ತಿದ್ದರು.

ತುಂಬು ಬಸುರಿ ಹೆಂಡತಿಗೆ ನೋವು ಬಂದದ್ದೂ ಒಂದು ಭಾನುವಾರವೇ. "ಮಾಮಿ, ಟ್ಯಾಂಕ್ ಬಿಚ್ಚಿಟ್ಟಿದೀನಿ. ನೀವು ಕರ್ಕೊಂಡು ಹೋಗಿರಿ, ಜೋಡಿಸಿ ಬಂದ್ಬಿಡ್ತೀನಿ," ಅಂದರು ನಮ್ಮಮ್ಮನಿಗೆ. ಅಮ್ಮ ಆಕೆಯನ್ನು ಆಟೋದಲ್ಲಿ ಕರೆದೊಯ್ದಳು. ಗಂಡ ಆಸ್ಪತ್ರೆಗೆ ಬರುವಷ್ಟರಲ್ಲಿ ಮಗು ಹುಟ್ಟಿ, ಹೋಗಿಯೂ ಆಗಿತ್ತು.

ಆಕೆ ಬರಿಗೈಯಲ್ಲಿ ಮನೆಗೆ ಬಂದ ಮೇಲೆ ಮತ್ತೆ ಟ್ಯಾಂಕ್ ಇಳಿಯಿತು. ಹಾಸಲು ಅವರು ಸೀರೆ ಕೇಳಿದರು. ಆಕೆ ಒಳಗಿನಿಂದ ತಂದುಕೊಟ್ಟದ್ದು, ಮಗುವಿಗೆಂದು ತಾನೇ ಹೊಲಿದಿಟ್ಟಿದ್ದ ಪುಟ್ಟ ಕೌದಿ.

ಅವರು ಅದನ್ನು ಒತ್ತಿ ನೋಡಿದರು.

"ಸೀರೆಗಿಂತ ಇದೇ ಮೆತ್ತಗಿದೆ," ಅಂದರು.