ಎಂಟು ದಿನದ ಕಾವಲು

ಸತ್ಯನಾರಾಯಣಪೇಟೆಯ ಆ ಮಹಡಿ ಕೋಣೆ ನೆನಪಾದರೆ ನನಗೆ ಈಗಲೂ ಹಸಿವಾಗುತ್ತದೆ. ಕೆಳಗೆ ಮಿರ್ಚಿ ಕರಿಯುವ ಅಂಗಡಿ. ಮೇಲೆ ನಾವಿಬ್ಬರು: ನಾನು, ಮತ್ತು ಒಂದು ಕಾಲಕ್ಕೆ ಟೈಪಿಂಗ್ ಕಲಿಸುತ್ತಿದ್ದ ನಮ್ಮ ಸರ್. ಸಿರುಗುಪ್ಪದ ಅಕ್ಕಿ ಗಿರಣಿಗಳಿಗೆ ಭತ್ತದ ತೂಕ ದಾಖಲಿಸುವ ಸಾಫ್ಟ್‌ವೇರ್ ಬರೆಯುವುದು ನಮ್ಮ ಕೆಲಸ. ಎಲ್ಲವನ್ನೂ ನಾವೇ ಬರೆಯುತ್ತಿದ್ದೆವು ಅಂದರೆ ಸುಳ್ಳಾದೀತು. ಅರ್ಧಕ್ಕಿಂತ ಹೆಚ್ಚು ಓಪನ್ ಸೋರ್ಸ್ ಕೋಡ್. ಯಾವುದೋ ದೇಶದ ಯಾರೋ ಬರೆದು, ಬೇಕಾದವರು ಬಳಸಿಕೊಳ್ಳಲಿ ಎಂದು ಇಂಟರ್ನೆಟ್ಟಿನಲ್ಲಿ ಬಿಟ್ಟಿದ್ದು.

ಸರ್ ಅದನ್ನು ನೇರವಾಗಿ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಹೊಸದೇನು ಬಂದರೂ ಮೂಲೆಯ ಹಳೇ ಕಂಪ್ಯೂಟರಿನಲ್ಲಿ ಎಂಟು ದಿನ ಓಡಿಸಿ, ಅದು ಗುಟ್ಟಾಗಿ ಹೊರಗೆ ಯಾರಿಗಾದರೂ ಏನಾದರೂ ಕಳಿಸುತ್ತದೆಯೇ ಎಂದು ಕಾಯುತ್ತಿದ್ದರು.

"ಕನ್ಯಾ ನೋಡಾಕ ಬಂದಂಗಾತಲ್ರಿ ಸರ್," ಎಂದು ನಾನು ರೇಗಿಸುತ್ತಿದ್ದೆ.

"ಬಾಡಿಗಿಗೆ ಮನಿ ಕೊಡಾಕ ಹತ್ತು ಮಂದೀನ ಕೇಳ್ತಿ. ಇದಕ್ಯಾಕ ಅವಸರ, ಬೇಟಿ?"

ಆ ತಮಾಷೆ ಈಗ ಬೇಕೆಂದರೂ ಸಿಗದು. ಸರ್ ತೀರಿಹೋಗಿ ಎರಡು ವರ್ಷವಾಯಿತು.

ಒಂದು ಸುಗ್ಗಿಯಲ್ಲಿ ಅವರು ಜ್ವರ ಬಂದು ಮಲಗಿದ್ದರು. ಗಿರಣಿಯವರೊಬ್ಬರು ಬೇಗ, ಬೇಗ ಎಂದು ತಲೆ ತಿನ್ನುತ್ತಿದ್ದರು. ನನಗೋ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಒಂದು ಕೋಡಿನ ಹೊಸ ಆವೃತ್ತಿಯನ್ನು ಹಳೇ ಕಂಪ್ಯೂಟರಿಗೆ ತೋರಿಸದೆ ಹಾಗೇ ಹಾಕಿ ಕಳಿಸಿಬಿಟ್ಟೆ.

ನಾಲ್ಕನೇ ದಿನ ಆ ಗಿರಣಿಯ ತೂಕದ ದಾಖಲೆಗಳೆಲ್ಲ ಅಳಿಸಿಹೋಗಿದ್ದವು. ಅಳಿಸಿದವರು ಯಾರೆಂದು ಕಂಪ್ಯೂಟರ್ ತೋರಿಸುವ ಜಾಗದಲ್ಲಿ ಅಲ್ಲಿನ ಗುಮಾಸ್ತರ ಹೆಸರಿತ್ತು. ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬಂದು, ಭತ್ತ ತಂದವರನ್ನೆಲ್ಲ ಹೆಸರು ಹಿಡಿದು ಮಾತಾಡಿಸುತ್ತಿದ್ದ ಮನುಷ್ಯ. ಮಾಲೀಕರು ಅವರನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿದರು.

ಸುದ್ದಿ ಕೇಳಿ ಸರ್ ಜ್ವರದಲ್ಲೇ ಎದ್ದು ಬಂದು, ಆ ಕೋಡನ್ನು ಹಳೇ ಕಂಪ್ಯೂಟರಿಗೆ ಹಾಕಿದರು. ಎರಡನೇ ದಿನಕ್ಕೇ ಅದು ಪಾಸ್‌ವರ್ಡನ್ನು ಹೊರಗೆ ಕಳಿಸತೊಡಗಿತು. ಮೊದಲು ಬರೆದವನಿಂದ ಯಾರೋ ಅದರ ಉಸ್ತುವಾರಿ ವಹಿಸಿಕೊಂಡು ವಿಷ ಬೆರೆಸಿದ್ದರು. ಗುಮಾಸ್ತರ ಪಾಸ್‌ವರ್ಡ್ ಕದ್ದೇ ಒಳಗೆ ನುಗ್ಗಿ ದಾಖಲೆ ಅಳಿಸಿದ್ದರು. ಸರ್ ಕಂಪ್ಯೂಟರ್ ಆರಿಸಿ, "ನಾಳೆ ಗಿರಣಿಗೆ ಹೋಗೂಣು," ಎಂದರು. ಬೈದಿದ್ದರೆ ಚೆನ್ನಾಗಿತ್ತು, ಎದುರು ಮಾತಾಡಿ ಹಗುರಾಗುತ್ತಿದ್ದೆ.

ಮರುದಿನ ಇಬ್ಬರೂ ಹೋಗಿ ಮಾಲೀಕರ ಮುಂದೆ ನಿಂತೆವು. "ತಪ್ಪು ನಂದ್ರಿ. ನೋಡದ ಹಾಕೀನಿ," ಎಂದೆ. ನಾಚಿಕೆಯಿಂದ ನೆಲ ನೋಡುತ್ತಿದ್ದೆ. ಮಾಲೀಕರು ಕೂಗಾಡಿದರು, ಆಮೇಲೆ ಗುಮಾಸ್ತರನ್ನು ಕರೆಸಿ ಮತ್ತೆ ಅದೇ ಕುರ್ಚಿಯಲ್ಲಿ ಕೂರಿಸಿದರು. ನನಗೆ ಅಳು ಬರುವಷ್ಟು ಸಮಾಧಾನವಾಯಿತು.

ಹೊರಡುವಾಗ ಗುಮಾಸ್ತರು ಗೇಟಿನ ತನಕ ಬಂದರು.

"ಮೇಡಂ, ಈ ಮಾತು ನಮ್ಮ ಮನಿಗೆ ಬಂದು ಹೇಳ್ತೀರೇನ್ರಿ? ನನ್ನ ಮಗಳು ಕೇಳಿದ್ಲು, ಖರೇ ಹೇಳಪ್ಪಾ, ನೀನ ಅಳಿಸೀಯೇನು ಅಂತ."

ಅವತ್ತು ಸಂಜೆ ಅವರ ಜೊತೆಗೇ ಕುರುಗೋಡಿನ ಬಸ್ಸು ಹತ್ತಿದೆವು. ಕಾಲೇಜಿಗೆ ಹೋಗುವ ಆ ಹುಡುಗಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ತಪ್ಪು ನನ್ನದೆಂದು ಎರಡು ಸಲ ಹೇಳಿದೆ. ಅವಳು ಎಲ್ಲ ಕೇಳಿ, "ಅಪ್ಪಾ," ಎನ್ನುತ್ತಾ ತಿರುಗಿದಳು. ಅಷ್ಟೊತ್ತಿಗೆ ಗುಮಾಸ್ತರು ಮಗಳ ಮುಖ ನೋಡದೆ ಎದ್ದು ಒಳಗೆ ಹೋಗಿದ್ದರು.